ವಿದೇಶಿ ಲ್ಯಾಬ್ ಜೊತೆ ಸಂಶೋಧನೆಗೆ ಹಣ: ಮೆಟೀರಿಯಲ್ಸ್ ಸೈನ್ಸ್‌ನವರು ಯಾವ ದಾರಿ ಹಿಡಿಯಬೇಕು?

ಕಳೆದ ತಿಂಗಳು ಗೆಳೆಯರೊಬ್ಬರು ಫೋನ್ ಮಾಡಿದ್ದರು. ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಾರೆ. ಸೋಡಿಯಂ ಬ್ಯಾಟರಿಯ ಪ್ಲಸ್ ತುದಿಗೆ ಬೇಕಾದ ಕ್ಯಾಥೋಡ್ ಪುಡಿಗಳ ಮೇಲೆ ಅವರ ಕೆಲಸ. ಜರ್ಮನಿಯ ಒಂದು ಗುಂಪು ಇವರ ಪೇಪರ್ ಓದಿ, ಒಟ್ಟಿಗೆ ಕೆಲಸ ಮಾಡೋಣ ಅಂತ ಬರೆದಿದೆ. ಗೆಳೆಯರಿಗೆ ಖುಷಿಯೋ ಖುಷಿ. ಮರುದಿನವೇ ಅವರ ಪ್ರಶ್ನೆ: "ಹಣಕ್ಕೆ ಎಲ್ಲಿ ಅರ್ಜಿ ಹಾಕಲಿ? ಜಾಸ್ತಿ ಕೊಡೋದು ಯಾವ ಸ್ಕೀಮು?"

ನಾನು ತಿರುಗಿ ಒಂದು ಪ್ರಶ್ನೆ ಕೇಳಿದೆ. "ಗಡಿ ದಾಟಬೇಕಾಗಿರೋದು ಏನು? ನೀವಾ, ನಿಮ್ಮ ವಿದ್ಯಾರ್ಥಿಯಾ, ಪುಡಿಯಾ, ಇಲ್ಲಾ ಹಣವಾ?"

ಸ್ಕೀಮುಗಳ ನಡುವೆ ಆಯ್ಕೆ ಮಾಡಲು ನನಗೆ ಗೊತ್ತಿರುವ ನೆಟ್ಟಗಿನ ದಾರಿ ಇದು. ಎಷ್ಟು ಲಕ್ಷ ಅನ್ನೋದನ್ನು ಆಮೇಲೆ ನೋಡಿದರೂ ಆಗುತ್ತದೆ. ಮನುಷ್ಯರನ್ನು ಕಳಿಸಲು ಮಾತ್ರ ಹಣ ಕೊಡುವ ಸ್ಕೀಮಿನಲ್ಲಿ ಫರ್ನೇಸ್ ಕೇಳಿದರೆ ಅರ್ಜಿ ಬಿದ್ದುಹೋಗುತ್ತದೆ. ಕಂಪನಿ ಬೇಕೇ ಬೇಕು ಅನ್ನುವ ಸ್ಕೀಮಿಗೆ ಬರೀ ಇಬ್ಬರು ಪ್ರೊಫೆಸರ್‌ಗಳು ಸೇರಿ ಅರ್ಜಿ ಹಾಕಿದರೆ ಅದನ್ನು ಯಾರೂ ಓದುವುದೂ ಇಲ್ಲ. ಈ ಬರಹ ಭಾರತದಲ್ಲಿ ಕೂತು, ಅದರಲ್ಲೂ ಬೆಂಗಳೂರು, ಮೈಸೂರು, ಮಂಗಳೂರು, ಧಾರವಾಡ, ಕಲಬುರಗಿ ಕಡೆ ಕೂತು, ಹೊರಗಿನ ಲ್ಯಾಬ್ ಜೊತೆ ಕೈಜೋಡಿಸಬೇಕು ಅನ್ನೋರಿಗೆ.

ಒಂದೇ ಗಂಟಿನಿಂದ ಬರುವ ಹಣ

ಮೊದಲು ಫ್ರಾನ್ಸ್ ಕಡೆಯದನ್ನು ಹೇಳುತ್ತೇನೆ. ಅದರ ವ್ಯವಸ್ಥೆ ನನಗೆ ತುಂಬಾ ಇಷ್ಟ. ಸೆಫಿಪ್ರಾ ಅನ್ನುವ ಭಾರತ-ಫ್ರಾನ್ಸ್ ಕೇಂದ್ರ 1987ರಲ್ಲಿ ಶುರುವಾಯಿತು. ಕಚೇರಿ ದೆಹಲಿಯಲ್ಲಿದೆ. ನಮ್ಮ ಕಡೆಯಿಂದ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ (ಡಿಎಸ್‌ಟಿ), ಅವರ ಕಡೆಯಿಂದ ಫ್ರಾನ್ಸಿನ ವಿದೇಶಾಂಗ ಸಚಿವಾಲಯ ಒಂದೇ ಗಂಟಿಗೆ ಹಣ ಹಾಕುತ್ತವೆ. ಆ ಗಂಟಿನಿಂದಲೇ ಎರಡೂ ಕಡೆಯ ಗುಂಪುಗಳಿಗೆ ಹಣ ಬರುತ್ತದೆ.

ಇದೇನು ದೊಡ್ಡ ವಿಷಯ ಅಂತ ಅನ್ನಿಸಬಹುದು. ಕೆಲಸ ಶುರು ಮಾಡಿದ ಮೇಲೆ ಗೊತ್ತಾಗುತ್ತದೆ. ಬೇರೆ ಬಹುಪಾಲು ಜಂಟಿ ಯೋಜನೆಗಳಲ್ಲಿ ನಮ್ಮ ಕಡೆ ಹಣ ಬಂದಿರುತ್ತದೆ, ಅವರ ಕಡೆ ಇನ್ನೂ ಬಂದಿರುವುದಿಲ್ಲ. ಅಥವಾ ಉಲ್ಟಾ. ಅಷ್ಟರಲ್ಲಿ ಒಂದು ವರ್ಷ ಕಳೆದಿರುತ್ತದೆ. ಒಂದೇ ಗಂಟಾದರೆ ತೀರ್ಮಾನ ಒಂದೇ, ಶುರುವಾಗುವ ದಿನವೂ ಒಂದೇ. ಸಾಮಾನ್ಯವಾಗಿ ಮೂರು ವರ್ಷದ ಯೋಜನೆ. ಜನ, ಕೆಮಿಕಲ್‌ಗಳು, ಓಡಾಟ, ಎಲ್ಲಕ್ಕೂ ಒಂದಷ್ಟು ಸಿಗುತ್ತದೆ. ಘನಸ್ಥಿತಿ ರಸಾಯನಶಾಸ್ತ್ರದಲ್ಲಿ ಫ್ರಾನ್ಸ್ ಬಹಳ ಹಿಂದಿನಿಂದ ಗಟ್ಟಿ. ಬೋರ್ಡೋ, ಕಾನ್ ಊರುಗಳ ಲ್ಯಾಬ್‌ಗಳ ಹೆಸರು ಆಕ್ಸೈಡ್ ಮೇಲೆ ಕೆಲಸ ಮಾಡುವ ಎಲ್ಲರಿಗೂ ಗೊತ್ತು. 1976ರಲ್ಲಿ ಸಿ.ಎನ್.ಆರ್. ರಾವ್ ಅವರು ಐಐಎಸ್‌ಸಿಯಲ್ಲಿ ಘನಸ್ಥಿತಿ ಮತ್ತು ರಚನಾ ರಸಾಯನಶಾಸ್ತ್ರ ಘಟಕ ಕಟ್ಟಿದರು. ಬೆಂಗಳೂರಿಗೂ ಫ್ರೆಂಚ್ ಲ್ಯಾಬ್‌ಗಳಿಗೂ ನಂಟು ಬೆಳೆದ ಜಾಗಗಳಲ್ಲಿ ಅದೂ ಒಂದು.

ಪೈಪೋಟಿ ಮಾತ್ರ ಬಿಗಿ. ಪರಿಚಯವೇ ಇಲ್ಲದ ಇಬ್ಬರು ಅರ್ಜಿಗಾಗಿ ಮಾತ್ರ ಜೊತೆಯಾದರೆ ಓದುವವರಿಗೆ ಅದು ಕಂಡುಬಿಡುತ್ತದೆ. ಜಂಟಿ ಪೇಪರ್ ಒಂದಾದರೂ ಇರಲಿ. ಇಲ್ಲದಿದ್ದರೆ ಒಬ್ಬ ವಿದ್ಯಾರ್ಥಿಯಾದರೂ ಅಲ್ಲಿಗೆ ಹೋಗಿ ಬಂದಿರಲಿ.

ಆ ವಿದ್ಯಾರ್ಥಿಯನ್ನು ಕಳಿಸಲಿಕ್ಕೂ ಅದೇ ಕೇಂದ್ರದಲ್ಲಿ ದಾರಿ ಇದೆ. ಅದು ರಾಮನ್-ಶಾರ್ಪಾಕ್ ಫೆಲೋಶಿಪ್. 2013ರಲ್ಲಿ ಶುರುವಾಯಿತು. ನಮ್ಮ ಸಿ.ವಿ. ರಾಮನ್, ಅವರ ಜಾರ್ಜ್ ಶಾರ್ಪಾಕ್, ಇಬ್ಬರೂ ಭೌತಶಾಸ್ತ್ರದ ನೊಬೆಲ್ ಪಡೆದವರು. ಇಲ್ಲಿ ಪಿಎಚ್‌ಡಿ ಮಾಡುತ್ತಿರುವವರು ಕೆಲವು ತಿಂಗಳು ಫ್ರಾನ್ಸಿನ ಲ್ಯಾಬಿನಲ್ಲಿ ಕೆಲಸ ಮಾಡಿ ಬರಬಹುದು. ನನ್ನ ಸಲಹೆ ಏನೆಂದರೆ, ದೊಡ್ಡ ಯೋಜನೆಗೆ ಅರ್ಜಿ ಹಾಕುವ ಎರಡು ವರ್ಷ ಮೊದಲೇ ಇದಕ್ಕೆ ಒಬ್ಬ ವಿದ್ಯಾರ್ಥಿಯಿಂದ ಅರ್ಜಿ ಹಾಕಿಸಿ.

ಅವರವರ ಖರ್ಚು ಅವರವರಿಗೆ

ಎರಡನೇ ಬಗೆಯವೇ ಸಂಖ್ಯೆಯಲ್ಲಿ ಜಾಸ್ತಿ. ಎರಡು ಸರ್ಕಾರಗಳು ಒಂದು ಕರೆ ಕೊಡುತ್ತವೆ. ನೀವು ನಿಮ್ಮ ಸರ್ಕಾರಕ್ಕೆ, ಅವರು ಅವರ ಸರ್ಕಾರಕ್ಕೆ ಅರ್ಜಿ ಹಾಕಬೇಕು. ಎರಡೂ ಕಡೆ ಒಪ್ಪಿದರೆ ಮಾತ್ರ ಯೋಜನೆ. ಒಂದೇ ಕಡೆ ಅರ್ಜಿ ಹೋದರೆ ಅದು ತಾನಾಗಿಯೇ ರದ್ದು. ಎಷ್ಟೋ ಒಳ್ಳೆಯ ಯೋಚನೆಗಳು ಇಷ್ಟು ಸಣ್ಣ ಕಾರಣಕ್ಕೆ ಸಾಯುತ್ತವೆ. ಆ ಕಡೆಯವರು "ನಾಳೆ ಹಾಕ್ತೀನಿ" ಅಂದಿರುತ್ತಾರೆ. ಕೊನೆಯ ದಿನದ ಹಿಂದಿನ ದಿನ ಅವರ ಅರ್ಜಿಯ ಸ್ವೀಕೃತಿ ಸಂಖ್ಯೆ ನಿಮ್ಮ ಕೈಯಲ್ಲಿರಲಿ.

ಇದರಲ್ಲಿ ಜರ್ಮನಿಯ ಎರಡು ಸ್ಕೀಮುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು, ಯಾಕೆಂದರೆ ಜನ ಇವೆರಡನ್ನೂ ಗೊಂದಲ ಮಾಡಿಕೊಳ್ಳುತ್ತಾರೆ.

ಒಂದು, ಡಿಎಸ್‌ಟಿ ಮತ್ತು ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಾಡ್ ಸೇರಿ ನಡೆಸುವ ವಿನಿಮಯ ಯೋಜನೆ. ನಮ್ಮವರ ಬಾಯಲ್ಲಿ ಅದು "ಪಿಪಿಪಿ". ಎರಡು ವರ್ಷದ್ದು. ಹಣ ಕೊಡುವುದು ಹೋಗಿ ಬರೋದಕ್ಕೆ ಮತ್ತು ಅಲ್ಲಿ ಇರೋದಕ್ಕೆ ಮಾತ್ರ. ಉಪಕರಣ ಇಲ್ಲ, ಜೆಆರ್‌ಎಫ್ (ಕಿರಿಯ ಸಂಶೋಧಕರ) ಸಂಬಳ ಇಲ್ಲ. ಲ್ಯಾಬ್ ಖರ್ಚಿಗೆ ನಿಮ್ಮ ಹತ್ತಿರ ಬೇರೆ ಗ್ರಾಂಟ್ ಇರಬೇಕು. ಮೊತ್ತ ಸಣ್ಣದು ಅಂತ ಹಲವರು ಮೂಗು ಮುರಿಯುತ್ತಾರೆ. ನಾನು ಒಪ್ಪುವುದಿಲ್ಲ. ಚಿಕ್ಕ ವಯಸ್ಸಿನವರನ್ನು ಕಳಿಸಬೇಕು ಅನ್ನೋದಕ್ಕೆ ಇಲ್ಲಿ ಒತ್ತು ಇದೆ. ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿ ಎರಡು ತಿಂಗಳು ಅಲ್ಲಿದ್ದು ಬಂದರೆ, ಆಮೇಲೆ ನಾಲ್ಕು ವರ್ಷ ನಿಮ್ಮ ಲ್ಯಾಬಿನ ಕೆಲಸದ ರೀತಿಯೇ ಬದಲಾಗುತ್ತದೆ. ಗಾಳಿ, ತೇವ ತಾಗದಂತೆ ಕೆಲಸ ಮಾಡುವ ಗ್ಲೋವ್ ಬಾಕ್ಸ್ ಹೇಗೆ ಇಟ್ಟುಕೊಳ್ಳಬೇಕು, ಲಾಗ್ ಪುಸ್ತಕ ಹೇಗೆ ಬರೆಯಬೇಕು, ಕೆಟ್ಟ ಡೇಟಾವನ್ನು ಯಾಕೆ ಎಸೆಯಬಾರದು. ಇದೆಲ್ಲ ಜೂಮ್ ಮೀಟಿಂಗಿನಲ್ಲಿ ಬರುವುದಿಲ್ಲ.

ಇನ್ನೊಂದು, ಐಜಿಎಸ್‌ಟಿಸಿ. ಭಾರತ-ಜರ್ಮನಿ ವಿಜ್ಞಾನ ತಂತ್ರಜ್ಞಾನ ಕೇಂದ್ರ, 2010ರಿಂದ ಇದೆ, ಕಚೇರಿ ಗುರುಗ್ರಾಮದಲ್ಲಿ. ಇದರ ಮುಖ್ಯ ಯೋಜನೆಯ ಹೆಸರೇ "2+2". ಪ್ರತಿ ದೇಶದಿಂದ ಒಂದು ಸಂಶೋಧನಾ ಸಂಸ್ಥೆ ಮತ್ತು ಒಂದು ಕಂಪನಿ, ಒಟ್ಟು ನಾಲ್ಕು ಜನ ಪಾಲುದಾರರು. ಹಣ ದೊಡ್ಡದು, ಉಪಕರಣಕ್ಕೂ ಜಾಗ ಇದೆ. ಆದರೆ ನಾಲ್ಕು ಜನರ ನಡುವೆ ಒಪ್ಪಂದ ಆಗಬೇಕು. ಪೇಟೆಂಟ್ ಯಾರದು, ಮೊದಲು ಪೇಪರ್ ಬರೆಯಬಹುದಾ, ಕಂಪನಿ ತನ್ನ ಪಾಲಿನ ಹಣ ಹಾಕುತ್ತದಾ. ಈ ಮಾತುಕತೆಗೇ ತಿಂಗಳುಗಟ್ಟಲೆ ಬೇಕು. ನಿಮ್ಮ ವಸ್ತು ಈಗಾಗಲೇ ಕೆಲಸ ಮಾಡುತ್ತಿದೆ, ಕಿಲೋಗಟ್ಟಲೆ ಮಾಡೋದು ಹೇಗೆ ಅನ್ನುವ ಹಂತಕ್ಕೆ ಬಂದಿದ್ದೀರಿ ಅಂದರೆ ಇದಕ್ಕೆ ಹೋಗಿ. ಇನ್ನೂ "ಈ ಫೇಸ್ (ಸ್ಫಟಿಕ ರೂಪ) ಯಾಕೆ ಹೀಗೆ ಒಡೆಯುತ್ತೆ" ಅಂತ ಹುಡುಕುತ್ತಿದ್ದರೆ ಬೇಡ. ನನ್ನ ಗೆಳೆಯರದು ಎರಡನೇ ಸ್ಥಿತಿ. ಅವರಿಗೆ ನಾನು ಸ್ಪಷ್ಟವಾಗಿ ಹೇಳಿದ್ದು, ಈಗಲೇ 2+2 ಕಡೆ ನೋಡಬೇಡಿ ಅಂತ.

ಇದೇ ಕೇಂದ್ರದಲ್ಲಿ ಮಹಿಳಾ ಸಂಶೋಧಕರಿಗಾಗಿ "ವೈಸರ್" ಅನ್ನುವ ಯೋಜನೆ ಇದೆ. ಆ ಕಡೆ ಈಗಾಗಲೇ ನಡೆಯುತ್ತಿರುವ ಯೋಜನೆಯೊಳಗೆ ಇವರು ಪಕ್ಕದ ಬಾಗಿಲಿನಿಂದ ಸೇರಿಕೊಳ್ಳಬಹುದು. ಮಕ್ಕಳು, ಮನೆ ಅಂತ ದೀರ್ಘ ಕಾಲ ಹೊರಗೆ ಹೋಗಿ ಇರಲಾಗದವರು ಇದನ್ನು ನೋಡಲೇಬೇಕು. ಎಷ್ಟೋ ಜನಕ್ಕೆ ಇದು ಇದೆ ಅಂತಲೇ ಗೊತ್ತಿಲ್ಲ. ನನಗೆ ಬೇಜಾರಾಗುವ ವಿಷಯ ಅದು.

ಬ್ರಿಕ್ಸ್ ದೇಶಗಳ ಜಂಟಿ ಕರೆಯೂ ಇದೇ ಬಗೆ. 2015ರಲ್ಲಿ ವಿಜ್ಞಾನ ಸಹಕಾರದ ಒಪ್ಪಂದ ಆಯಿತು. ಮೆಟೀರಿಯಲ್ಸ್ ಮತ್ತು ನ್ಯಾನೋ ಅದರ ವಿಷಯಗಳಲ್ಲಿ ಸೇರಿವೆ. ಕನಿಷ್ಠ ಮೂರು ದೇಶಗಳು ಬೇಕು, ಪ್ರತಿ ದೇಶ ತನ್ನವರಿಗೆ ತಾನೇ ಕೊಡಬೇಕು. ಮೂರು ಸರ್ಕಾರಗಳು ಒಂದೇ ಸಮಯಕ್ಕೆ ಹಣ ಬಿಡುಗಡೆ ಮಾಡಬೇಕು ಅನ್ನೋದನ್ನು ಯೋಚಿಸಿ ನೋಡಿ. ಪರಿಚಯ ಗಟ್ಟಿ ಇದ್ದವರು ಹೋಗಿ, ಹೊಸಬರಿಗೆ ನಾನು ಹೇಳುವುದಿಲ್ಲ. ಅಮೆರಿಕದ ಜೊತೆಗಾದರೆ 2000ದಲ್ಲಿ ಶುರುವಾದ ಐಯುಎಸ್‌ಎಸ್‌ಟಿಎಫ್, ಅಂದರೆ ಭಾರತ-ಅಮೆರಿಕ ವಿಜ್ಞಾನ ತಂತ್ರಜ್ಞಾನ ವೇದಿಕೆ, ಇದೆ. ಎರಡೂ ಕಡೆ ಹಲವು ಸಂಸ್ಥೆಗಳು ಸೇರಿದ ಜಂಟಿ ಕೇಂದ್ರಗಳು, ವರ್ಕ್‌ಶಾಪ್‌ಗಳು ಅದರ ಕೆಲಸ. ಒಂಟಿ ಲ್ಯಾಬಿಗಿಂತ ಗುಂಪುಗಳಿಗೆ ಅದು ಹೊಂದುತ್ತದೆ.

ಸ್ಪಾರ್ಕ್ ಬಗ್ಗೆ ಒಂದು ಮಾತು. 2018ರಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಶುರು ಮಾಡಿದ ಯೋಜನೆ, ಐಐಟಿ ಖರಗ್‌ಪುರ ನೋಡಿಕೊಳ್ಳುತ್ತದೆ. ಶುರುವಿನಲ್ಲಿ 418 ಕೋಟಿ ರೂಪಾಯಿ ಇಟ್ಟು, 600 ಜಂಟಿ ಯೋಜನೆಗಳ ಗುರಿ ಹಾಕಿದ್ದರು. ಇಲ್ಲಿ ಎಲ್ಲ ಹಣವೂ ಭಾರತದ ಕಡೆಯಿಂದಲೇ, ಅಲ್ಲಿಯ ಪ್ರೊಫೆಸರ್ ಬಂದುಹೋಗುವುದಕ್ಕೂ ಸೇರಿ. ಆ ಕಡೆಯವರು ಅವರ ಸರ್ಕಾರದ ಬಾಗಿಲು ಬಡಿಯಬೇಕಿಲ್ಲ. ದೊಡ್ಡ ಅನುಕೂಲ ಅಲ್ವಾ? ಆದರೆ ನಿಮ್ಮ ಸಂಸ್ಥೆ ಎನ್‌ಐಆರ್‌ಎಫ್ ಅನ್ನುವ ಕೇಂದ್ರ ಸರ್ಕಾರದ ರ‍್ಯಾಂಕ್ ಪಟ್ಟಿಯಲ್ಲಿ ಎಲ್ಲಿದೆ ಅನ್ನೋದರ ಮೇಲೆ ಅರ್ಹತೆ ನಿಂತಿದೆ. ನನ್ನ ಗೆಳೆಯರ ವಿಶ್ವವಿದ್ಯಾಲಯ ಅಲ್ಲೇ ಹೊರಗೆ ಉಳಿಯಿತು. ಅವರಷ್ಟು ಚೆನ್ನಾಗಿ ಸೋಡಿಯಂ ಆಕ್ಸೈಡ್ ಮಾಡುವವರು ಪಟ್ಟಿಯೊಳಗಿನ ಎಷ್ಟೋ ಕಡೆ ಇಲ್ಲ. ಅದು ಸರಿ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಹಣ ಬೇಡ, ಯಂತ್ರದ ಸಮಯ ಬೇಕು

ಈಗ ನನಗೆ ತುಂಬಾ ಹತ್ತಿರವಾದ ವಿಷಯಕ್ಕೆ ಬರುತ್ತೇನೆ. ಮೆಟೀರಿಯಲ್ಸ್‌ನವರಿಗೆ ಎಷ್ಟೋ ಸಲ ನಿಜವಾಗಿ ಬೇಕಿರುವುದು ರೂಪಾಯಿ ಅಲ್ಲ. ದೊಡ್ಡ ಎಕ್ಸ್-ರೇ ಅಥವಾ ನ್ಯೂಟ್ರಾನ್ ಯಂತ್ರದ ಮುಂದೆ ಎರಡು ದಿನ.

ಹ್ಯಾಂಬರ್ಗಿನ ಡೆಸಿ ಸಂಸ್ಥೆಯಲ್ಲಿ ಪೆಟ್ರಾ-3 ಅನ್ನುವ ಸಿಂಕ್ರೊಟ್ರಾನ್, ಅಂದರೆ ಭಾರಿ ಪ್ರಖರ ಎಕ್ಸ್-ರೇ ಕೊಡುವ ಉಂಗುರದಾಕಾರದ ಯಂತ್ರ, ಇದೆ. ಉಂಗುರದ ಸುತ್ತಳತೆ 2.3 ಕಿಲೋಮೀಟರ್. ಅಲ್ಲಿ ಭಾರತೀಯ ಸಂಶೋಧಕರಿಗೆ ಸಮಯ ಸಿಗಲಿ ಅಂತ ಡಿಎಸ್‌ಟಿ ಹಣ ಹಾಕಿದೆ. ಅದನ್ನು ನೋಡಿಕೊಳ್ಳುವುದು ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಸಂಶೋಧನಾ ಸಂಸ್ಥೆ ಜೆಎನ್‌ಸಿಎಎಸ್‌ಆರ್. ಇಟಲಿಯ ಟ್ರಿಯೆಸ್ಟೆಯಲ್ಲಿ ಎಲೆಟ್ರಾ ಅನ್ನುವ ಇಂಥದ್ದೇ ಯಂತ್ರ ಇದೆ. ಅಲ್ಲಿ ಎಕ್ಸ್‌ಪ್ರೆಸ್ ಮತ್ತು ಎಕ್ಸ್‌ಆರ್‌ಡಿ-2 ಅನ್ನುವ ಎರಡು ಬೀಮ್‌ಲೈನ್‌ಗಳು (ಉಂಗುರದಿಂದ ಕಿರಣ ಬಂದು ಬೀಳುವ ಪ್ರಯೋಗದ ಜಾಗಗಳು) ಭಾರತ-ಇಟಲಿ ಸಹಕಾರದಲ್ಲಿ ಎದ್ದವು, ಐಐಎಸ್‌ಸಿ ಅದರ ಬೆನ್ನಿಗಿತ್ತು. ಎಕ್ಸ್‌ಪ್ರೆಸ್ ಇರುವುದು ಭಾರಿ ಒತ್ತಡದಲ್ಲಿ ವಸ್ತುಗಳನ್ನು ನೋಡುವುದಕ್ಕೆ. ಜಪಾನಿನ ತ್ಸುಕುಬಾದಲ್ಲಿ, ಫೋಟಾನ್ ಫ್ಯಾಕ್ಟರಿಯಲ್ಲಿ, "ಇಂಡಿಯನ್ ಬೀಮ್‌ಲೈನ್" ಅಂತ ಹೆಸರಿರುವ ಜಾಗವೇ ಇದೆ.

ಅರ್ಜಿ ಎರಡು ಮೂರು ಪುಟದ್ದು. ಬಜೆಟ್ ಕಾಲಮ್ಮೇ ಇಲ್ಲ. ಯಾವ ಪ್ರಶ್ನೆ, ಯಾಕೆ ಇದೇ ಯಂತ್ರ, ಎಷ್ಟು ಶಿಫ್ಟ್. ವಿಜ್ಞಾನ ಗಟ್ಟಿ ಇದ್ದು, ಫಲಿತಾಂಶ ಪ್ರಕಟಿಸುತ್ತೀರಿ ಅಂದರೆ ಬೀಮ್‌ಟೈಮ್‌ಗೆ, ಅಂದರೆ ಯಂತ್ರದ ಸಮಯಕ್ಕೆ, ಶುಲ್ಕ ಇಲ್ಲ. ಅರ್ಜಿ ಓದುವವರು ನಿಮ್ಮ ಸಂಸ್ಥೆಯ ರ‍್ಯಾಂಕ್ ಕೇಳುವುದಿಲ್ಲ. ಡೆಸಿಯಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಕರೆ ಇರುತ್ತದೆ. ಪ್ರಯಾಣದ ಖರ್ಚು ಕೊಡುವ ಭಾರತದ ಯೋಜನೆಯ ಆ ಹಂತ ತೆರೆದಿದೆಯಾ ಅಂತ ಮಾತ್ರ ಪ್ರತಿ ಸಲ ನೋಡಿಕೊಳ್ಳಿ.

ನಾವು ಮೊದಲ ಸಲ ಹ್ಯಾಂಬರ್ಗಿಗೆ ಹೋದಾಗ ಸಿಕ್ಕಿದ್ದು 6 ಶಿಫ್ಟ್. ಒಂದು ಶಿಫ್ಟ್ ಅಂದರೆ 8 ಗಂಟೆ. ಒಟ್ಟು 48 ಗಂಟೆ, ಹಗಲು ರಾತ್ರಿ. ನಾನು ಮತ್ತು ಇಬ್ಬರು ವಿದ್ಯಾರ್ಥಿಗಳು. ಪುಡಿಯನ್ನು ಅರ್ಧ ಮಿಲಿಮೀಟರ್ ಗಾಜಿನ ಕೊಳವೆಗೆ ತುಂಬಬೇಕು. ಒಂದು ರಾಗಿ ಕಾಳೂ ಒಳಗೆ ಇಳಿಯದಷ್ಟು ತೆಳುವಾದ ಕೊಳವೆ. ಉಗುರಿನಿಂದ ಮೆಲ್ಲಗೆ ತಟ್ಟಿ ತಟ್ಟಿ ಕೆಳಗಿಳಿಸಬೇಕು. ಜೋರಾಗಿ ತಟ್ಟಿದರೆ ಮುರಿಯುತ್ತದೆ, ಮೆತ್ತಗೆ ತಟ್ಟಿದರೆ ನಡುವೆ ಗಾಳಿ ಉಳಿಯುತ್ತದೆ. ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಲ್ಲೇ ಪ್ರತಿ ಸ್ಯಾಂಪಲ್‌ಗೂ ಎರಡೆರಡು ಕೊಳವೆ ತುಂಬಿ, ಅಂಚನ್ನು ಕರಗಿಸಿ ಮುಚ್ಚಿ, ಹತ್ತಿ ಇಟ್ಟ ಡಬ್ಬಿಯಲ್ಲಿ ತಂದಿದ್ದಳು. ಎರಡನೇ ರಾತ್ರಿ ಮೂರು ಗಂಟೆಗೆ, ಬಿಸಿ ಏರುವಾಗ, ಮುಖ್ಯವಾದ ಸ್ಯಾಂಪಲ್‌ನ ಕೊಳವೆ ಒಡೆದುಹೋಯಿತು. ಅವಳು ಏನೂ ಮಾತಾಡದೆ ಡಬ್ಬಿಯಿಂದ ಎರಡನೆಯದನ್ನು ತೆಗೆದಳು. ಇಪ್ಪತ್ತು ನಿಮಿಷದಲ್ಲಿ ಮತ್ತೆ ಬೀಮ್ ಬಂತು.

ನಮ್ಮ ಲ್ಯಾಬಿನ ಎಕ್ಸ್-ರೇ ಯಂತ್ರದಲ್ಲಿ ತಾಮ್ರದ ಕಿರಣ, ತರಂಗಾಂತರ 1.54 ಆಂಗ್‌ಸ್ಟ್ರಾಮ್. ಪರಮಾಣುಗಳ ಜೋಡಣೆ ತೋರಿಸುವ ಒಂದು ಒಳ್ಳೆಯ ಪ್ಯಾಟರ್ನ್‌ಗೆ ರಾತ್ರಿಯಿಡೀ ಬಿಡುತ್ತೇವೆ. ಅಲ್ಲಿ ಪಿ02.1 ಬೀಮ್‌ಲೈನ್‌ನಲ್ಲಿ 0.2 ಆಂಗ್‌ಸ್ಟ್ರಾಮ್ ಆಸುಪಾಸು. ನಿಮಿಷದೊಳಗೆ ಪ್ಯಾಟರ್ನ್ ಪರದೆ ಮೇಲೆ. ಬಿಸಿ ಮಾಡುತ್ತಾ ಹೋದಂತೆ ಒಂದು ಶಿಖರ ಎರಡಾಗಿ ಒಡೆಯುವುದನ್ನು ಕಣ್ಣೆದುರೇ ನೋಡಿದೆವು. ನಾವು ಎರಡು ವರ್ಷ ವಾದ ಮಾಡಿದ್ದ ಪ್ರಶ್ನೆಗೆ ಉತ್ತರ ಅದು. ಇದಕ್ಕೆ ಯಾವ ಗ್ರಾಂಟ್ ಕೊಟ್ಟಿದ್ದರೂ ನಾವು ಅಂಥ ಯಂತ್ರ ಕೊಳ್ಳಲಾಗುತ್ತಿರಲಿಲ್ಲ.

ಲಿಥಿಯಂ, ಹೈಡ್ರೋಜನ್, ಆಮ್ಲಜನಕದಂಥ ಹಗುರ ಪರಮಾಣು ನೋಡಬೇಕಾದರೆ ನ್ಯೂಟ್ರಾನ್ ಬೇಕು. ಇಂಗ್ಲೆಂಡಿನ ಐಸಿಸ್ ನ್ಯೂಟ್ರಾನ್ ಕೇಂದ್ರ ಅದಕ್ಕೆ ಹೆಸರಾದ ಜಾಗ. ಆದರೆ ಹೊರಗೆ ಓಡುವ ಮೊದಲು ಮನೆಯದನ್ನು ಬಳಸಿ. ಇಂದೋರಿನಲ್ಲಿ ಇಂಡಸ್-2 ಸಿಂಕ್ರೊಟ್ರಾನ್ ಇದೆ, ಮುಂಬೈಯಲ್ಲಿ ಧ್ರುವ ರಿಯಾಕ್ಟರ್ ಇದೆ. ಯುಜಿಸಿ-ಡಿಎಇ ಸಂಸ್ಥೆ ಇರುವುದೇ ವಿಶ್ವವಿದ್ಯಾಲಯದವರಿಗೆ ಇವುಗಳ ಬಾಗಿಲು ತೆರೆಯಲಿಕ್ಕೆ. ಇಲ್ಲಿ ಒಂದು ಸಲ ಅಳೆದು, "ಇಷ್ಟು ಕಂಡಿದೆ, ಇದಕ್ಕಿಂತ ಸೂಕ್ಷ್ಮ ಬೇಕು" ಅಂತ ಬರೆದರೆ ಹೊರಗಿನ ಅರ್ಜಿಗೂ ಬಲ ಬರುತ್ತದೆ.

ಲೆಕ್ಕದವರಿಗೆ, ಅಂದರೆ ಕಂಪ್ಯೂಟರಿನಲ್ಲಿ ವಸ್ತುಗಳನ್ನು ಅಧ್ಯಯನ ಮಾಡುವವರಿಗೆ, ಟ್ರಿಯೆಸ್ಟೆಯಲ್ಲೇ ಇನ್ನೊಂದು ಬಾಗಿಲಿದೆ. 1964ರಲ್ಲಿ ಅಬ್ದುಸ್ ಸಲಾಂ ಕಟ್ಟಿದ ಐಸಿಟಿಪಿ ಅನ್ನುವ ಸೈದ್ಧಾಂತಿಕ ಭೌತಶಾಸ್ತ್ರ ಕೇಂದ್ರ. ನಮ್ಮಂಥ ದೇಶಗಳಲ್ಲಿ ಕೆಲಸ ಮಾಡುವವರು ಕೆಲಸ ಬಿಡದೆ, ಕೆಲವು ವರ್ಷಗಳ ಅವಧಿಯಲ್ಲಿ ಹಲವು ಸಲ ಹೋಗಿ ಬರಲಿ ಅಂತಲೇ ಅಲ್ಲಿ ಅಸೋಸಿಯೇಟ್ ಯೋಜನೆ ಇದೆ. ಸಣ್ಣ ಊರಿನ ಕಾಲೇಜಿನಲ್ಲಿ ಒಬ್ಬರೇ ಕೂತು ಡಿಎಫ್‌ಟಿ ಅನ್ನುವ ಈ ಬಗೆಯ ಲೆಕ್ಕ ಮಾಡುವವರಿಗೆ ಅದು ದೊಡ್ಡ ಆಸರೆ.

ವ್ಯಕ್ತಿಯ ಹೆಸರಿಗೆ ಬರುವ ಹಣ

ಪಿಎಚ್‌ಡಿ ಮುಗಿಸಿದವರಿಗೆ ಜರ್ಮನಿಯ ಹುಂಬೋಲ್ಟ್ ಮತ್ತು ಯುರೋಪ್ ಒಕ್ಕೂಟದ ಮೇರಿ ಕ್ಯೂರಿ ಫೆಲೋಶಿಪ್ ಎರಡೂ ಗೊತ್ತಿರುತ್ತವೆ. ಎರಡರ ನಡುವೆ ಆರಿಸುವಾಗ ವರ್ಷಗಳನ್ನು ಎಣಿಸಿ. ಹುಂಬೋಲ್ಟ್‌ನಲ್ಲಿ ಪಿಎಚ್‌ಡಿ ಆಗಿ 4 ವರ್ಷದೊಳಗಿನವರಿಗೆ ಒಂದು ದಾರಿ, 12 ವರ್ಷದೊಳಗಿನ ಅನುಭವಿಗಳಿಗೆ ಇನ್ನೊಂದು. ದೇಶಕ್ಕಿಷ್ಟು, ವಿಷಯಕ್ಕಿಷ್ಟು ಅನ್ನುವ ಕೋಟಾ ಇಲ್ಲ. ಮೇರಿ ಕ್ಯೂರಿ ಪೋಸ್ಟ್‌ಡಾಕ್‌ಗೆ 8 ವರ್ಷದ ಮಿತಿ. ಜೊತೆಗೆ ಹಿಂದಿನ 36 ತಿಂಗಳಲ್ಲಿ ಆ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಈಗಾಗಲೇ ಸ್ಪೇನ್‌ನಲ್ಲಿ ಎರಡು ವರ್ಷ ಇದ್ದು ಅಲ್ಲೇ ಮುಂದುವರಿಯಬೇಕು ಅಂದುಕೊಂಡವರು ಇಲ್ಲೇ ಎಡವುತ್ತಾರೆ.

ವಾಪಸ್ ಬರಬೇಕು ಅಂತ ಗಟ್ಟಿ ಮನಸ್ಸಿದ್ದರೆ ನಾನು ಹುಂಬೋಲ್ಟ್ ಅನ್ನುತ್ತೇನೆ. ಕಾರಣ ಸರಳ. ಅವರು ಒಮ್ಮೆ ಆರಿಸಿದವರನ್ನು ಬಿಡುವುದಿಲ್ಲ. ಊರಿಗೆ ಬಂದ ಮೇಲೂ ಮತ್ತೆ ಕರೆಸಿಕೊಳ್ಳುತ್ತಾರೆ, ನಂಟು ಉಳಿಯುತ್ತದೆ. ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಇದ್ದು ಬಂದವರಿಗೆ "ಪಾಲುದಾರ ಗುಂಪು" ಅಂತ ಇನ್ನೊಂದು ದಾರಿ ಇದೆ. ಇಲ್ಲಿ ಲ್ಯಾಬ್ ಶುರು ಮಾಡಿದ ಮೇಲೆ ಐದು ವರ್ಷದವರೆಗೆ ನೆರವು, ನಡುವೆ ಮೂರನೇ ವರ್ಷ ಒಂದು ಪರಿಶೀಲನೆ. ಖಾಲಿ ಕೋಣೆಯಿಂದ ಶುರು ಮಾಡುವ ಹೊಸ ಮೇಷ್ಟ್ರಿಗೆ ಅಂಥ ಬೆಂಬಲ ಎಷ್ಟು ದೊಡ್ಡದು ಅಂತ ಶುರು ಮಾಡಿದವರಿಗೇ ಗೊತ್ತು. ಅಮೆರಿಕಕ್ಕೆ ಹೋಗಲು ಫುಲ್‌ಬ್ರೈಟ್-ನೆಹರು ಫೆಲೋಶಿಪ್ ತಗೊಳ್ಳುವವರು ಒಂದು ನೆನಪಿಡಿ. ಆ ವೀಸಾದ ನಿಯಮದಂತೆ ಆಮೇಲೆ ಎರಡು ವರ್ಷ ಊರಿನಲ್ಲಿರಬೇಕು. ಅಲ್ಲಿ ಕೆಲಸ ಹುಡುಕುವ ಯೋಚನೆ ಇದ್ದರೆ ಮೊದಲೇ ಲೆಕ್ಕ ಹಾಕಿ.

ಯುರೋಪಿನ ದೊಡ್ಡ ಹೊರೈಜನ್ ಯೋಜನೆಗಳಲ್ಲಿ ಪಾಲುದಾರರಾಗಿ ಅಂತ ಕೆಲವರು ಕರೆಯುತ್ತಾರೆ. ಹೋಗಬಹುದು. ಆದರೆ ಭಾರತದ ಸಂಸ್ಥೆಗೆ ಅಲ್ಲಿಂದ ತಾನಾಗಿ ಹಣ ಬರುವುದಿಲ್ಲ. ನಿಮ್ಮ ಪಾಲಿನ ಖರ್ಚು ಎಲ್ಲಿಂದ ಅಂತ ಮೊದಲೇ ಕೇಳಿ.

ಯಾರೂ ಮೊದಲೇ ಹೇಳದ ತೊಡಕುಗಳು

ಕ್ಯಾಲೆಂಡರ್ ನೋಡಿ. ನಮ್ಮ ಹಣಕಾಸು ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಜರ್ಮನಿ, ಫ್ರಾನ್ಸ್‌ನದು ಡಿಸೆಂಬರ್ 31ಕ್ಕೆ. ಅವರು ನವೆಂಬರ್‌ನಲ್ಲಿ "ಈ ವರ್ಷದ ಹಣ ಉಳಿದಿದೆ, ಬೇಗ ಬನ್ನಿ" ಅನ್ನುತ್ತಾರೆ. ನಮ್ಮ ಎರಡನೇ ಕಂತು ಆಗ ದೆಹಲಿಯಲ್ಲಿ ಮೊದಲ ಹಣ ಖರ್ಚಾದ ಲೆಕ್ಕ ತೋರಿಸುವ ಯುಟಿಲೈಸೇಷನ್ ಸರ್ಟಿಫಿಕೇಟ್‌ಗಾಗಿ ಕಾಯುತ್ತಿರುತ್ತದೆ. ಜಪಾನಿನವರ ವರ್ಷ ನಮ್ಮಂತೆಯೇ ಏಪ್ರಿಲ್‌ನಿಂದ ಮಾರ್ಚ್. ಅವರ ಜೊತೆಗಿನ ಯೋಜನೆಗಳಲ್ಲಿ ಈ ಒಂದು ತಲೆನೋವು ಇರುವುದಿಲ್ಲ.

ಖಾಸಗಿ ಕಾಲೇಜಿನವರು ವಿದೇಶಿ ದೇಣಿಗೆಯ ಕಾನೂನಾದ ಎಫ್‌ಸಿಆರ್‌ಎ ಮರೆಯಬೇಡಿ. ವಿದೇಶದಿಂದ ಹಣ ನೇರವಾಗಿ ಕಾಲೇಜಿನ ಖಾತೆಗೆ ಬರಬೇಕಾದರೆ ನೋಂದಣಿ ಬೇಕು. 2020ರ ತಿದ್ದುಪಡಿ ಆದ ಮೇಲೆ ಆ ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. "ನೀವು ತಗೊಂಡು ಅರ್ಧ ನಮಗೆ ಕೊಡಿ" ಅನ್ನುವ ಏರ್ಪಾಡು ಅಲ್ಲಿಗೆ ಮುಗಿಯಿತು. ಅದಕ್ಕೇ ಖಾಸಗಿ ಕಾಲೇಜಿನವರಿಗೆ ಡಿಎಸ್‌ಟಿ ಮೂಲಕ ಬರುವ ಹಣ, ವ್ಯಕ್ತಿಗೆ ಸಿಗುವ ಫೆಲೋಶಿಪ್ ಮತ್ತು ಬೀಮ್‌ಟೈಮ್ ಮೂರೂ ಸಲೀಸು.

ಬಜೆಟ್ ಬರೆಯುವಾಗ ತೆರಿಗೆಯನ್ನೂ ಹಾಕಿ. ಸಾರ್ವಜನಿಕ ಸಂಶೋಧನಾ ಸಂಸ್ಥೆಗಳು ಕೊಳ್ಳುವ ಉಪಕರಣಕ್ಕೆ ಮೊದಲು ಜಿಎಸ್‌ಟಿ ಶೇ. 5 ಇತ್ತು. 2022ರ ಜುಲೈನಲ್ಲಿ ಆ ರಿಯಾಯಿತಿ ಹೋಗಿ ಶೇ. 18 ಆಯಿತು. ಹಳೆಯ ಕೊಟೇಶನ್ ನಕಲು ಮಾಡಿದವರಿಗೆ ಪಂಪ್ ಕೊಳ್ಳುವಾಗ ಹಣ ಸಾಲದೇ ಹೋಗುತ್ತದೆ.

ಇನ್ನು ಪುಡಿ. ಒಮ್ಮೆ ಎರಡು ಗ್ರಾಂ ಆಕ್ಸೈಡ್ ಪುಡಿಯನ್ನು ಕೊರಿಯರ್‌ನಲ್ಲಿ ಕಳಿಸಿದ್ದೆ. ಕಾಗದದ ಮೇಲೆ ಬರೀ "ಕೆಮಿಕಲ್ ಪೌಡರ್" ಅಂತ ಬರೆದಿತ್ತು. ಏಳು ವಾರ ಅದು ಎಲ್ಲೋ ಕಸ್ಟಮ್ಸ್ ಗೋದಾಮಿನಲ್ಲಿ ಕೂತಿತ್ತು. ಕೈ ಸೇರುವ ಹೊತ್ತಿಗೆ ತೇವ ಹಿಡಿದು ಹಾಳಾಗಿತ್ತು. ಈಗ ಹೀಗೆ ಮಾಡುತ್ತೇವೆ. ಆರ್ಗಾನ್ ತುಂಬಿ ಮುಚ್ಚಿದ ಗಾಜಿನ ಆಂಪೂಲ್. ಜೊತೆಗೆ ಸುರಕ್ಷತಾ ಹಾಳೆ, ರಾಸಾಯನಿಕ ಸೂತ್ರ, ತೂಕ, "ಸಂಶೋಧನಾ ಸ್ಯಾಂಪಲ್, ವ್ಯಾಪಾರಕ್ಕಲ್ಲ" ಅನ್ನುವ ಪತ್ರ. ಜೋಡಿಸಿದ ಲಿಥಿಯಂ ಕಾಯಿನ್ ಸೆಲ್ ಕಳಿಸಲೇಬೇಡಿ. ವಿಮಾನದ ಲೆಕ್ಕದಲ್ಲಿ ಅದು ಅಪಾಯಕಾರಿ ಸರಕು. ಪುಡಿ ಕಳಿಸಿ, ಸೆಲ್ ಅಲ್ಲೇ ಕಟ್ಟಲಿ. ವಿಶೇಷ ಉಕ್ಕು, ಕಾರ್ಬನ್ ಫೈಬರ್‌ನಂಥವು ಆದರೆ ಮೊದಲು ಸ್ಕೊಮೆಟ್, ಅಂದರೆ ರಫ್ತಿಗೆ ಅನುಮತಿ ಬೇಕಾದ ವಸ್ತುಗಳ ಪಟ್ಟಿ, ನೋಡಿ. ಅದರ 3ನೇ ವಿಭಾಗ ಪೂರ್ತಿ ಮೆಟೀರಿಯಲ್ಸ್ ಬಗ್ಗೆಯೇ ಇದೆ. ಪಟ್ಟಿಯಲ್ಲಿ ಇದ್ದರೆ ಅನುಮತಿ ಇಲ್ಲದೆ ಒಂದು ತುಂಡೂ ಹೋಗುವಂತಿಲ್ಲ.

ಇದಕ್ಕಿಂತ ನನ್ನ ಮನಸ್ಸಿಗೆ ಚುಚ್ಚುವ ವಿಷಯ ಇನ್ನೊಂದಿದೆ. ನಾವು ಪುಡಿ ಮಾಡಿ ಕಳಿಸೋರು, ಅವರು ಅಳೆದು ಪೇಪರ್ ಬರೆಯೋರು. ಹೀಗೇ ಆಗಿಬಿಡುತ್ತದೆ. ಒಳ್ಳೆಯ ಸ್ಯಾಂಪಲ್ ಮಾಡುವುದು ವರ್ಷಗಟ್ಟಲೆಯ ವಿದ್ಯೆ. ಆದರೂ ಲೇಖಕರ ಸಾಲಿನಲ್ಲಿ ನಮ್ಮ ಹುಡುಗಿಯ ಹೆಸರು ಆರನೆಯದು. ಇದಕ್ಕೆ ಔಷಧಿ ಸ್ಕೀಮಿನ ಆಯ್ಕೆಯಲ್ಲೇ ಇದೆ. ಸ್ಯಾಂಪಲ್ ಮಾತ್ರ ಹೋಗುವ ಏರ್ಪಾಡಿಗಿಂತ ವಿದ್ಯಾರ್ಥಿಯೂ ಜೊತೆಗೆ ಹೋಗುವ ಏರ್ಪಾಡು ಆರಿಸಿ. ಯಂತ್ರದ ಮುಂದೆ ಕೂತವರೇ ಡೇಟಾ ಬಿಡಿಸುತ್ತಾರೆ, ಡೇಟಾ ಬಿಡಿಸಿದವರೇ ಬರೆಯುತ್ತಾರೆ.

ನನ್ನ ಗೆಳೆಯರು ಏನು ಮಾಡುತ್ತಿದ್ದಾರೆ

ಅವರ ಕ್ಯಾಥೋಡ್ ಪುಡಿ ತೇವ ಕಂಡರೆ ಕೆಡುತ್ತದೆ. ಕಂಪನಿ ಯಾವುದೂ ಜೊತೆಗಿಲ್ಲ. ಸಂಸ್ಥೆ ಸ್ಪಾರ್ಕ್ ಪಟ್ಟಿಯಲ್ಲಿಲ್ಲ. ಇಲ್ಲಿಯ ಖರ್ಚಿಗೆ ಒಂದು ಸಣ್ಣ ಗ್ರಾಂಟ್ ಇದೆ, ಇನ್ನೂ ಎರಡು ವರ್ಷ ಬಾಕಿ. ಮೂರನೇ ವರ್ಷದ ಪಿಎಚ್‌ಡಿ ವಿದ್ಯಾರ್ಥಿನಿಯೊಬ್ಬಳಿದ್ದಾಳೆ, ಕೈ ಪಳಗಿದೆ. ಇಷ್ಟು ಬರೆದಿಟ್ಟುಕೊಂಡ ಮೇಲೆ ಆಯ್ಕೆ ತಾನಾಗಿಯೇ ಆಯಿತು. ಡಾಡ್ ವಿನಿಮಯಕ್ಕೆ ಅರ್ಜಿ, ಅದೇ ಪ್ರವಾಸಕ್ಕೆ ಹೊಂದುವಂತೆ ಹ್ಯಾಂಬರ್ಗಿನ ಬೀಮ್‌ಟೈಮ್‌ಗೆ ಇನ್ನೊಂದು. ಅದಕ್ಕೂ ಮೊದಲು ಇಂದೋರಿನಲ್ಲಿ ಒಂದು ಅಳತೆ.

ಜರ್ಮನಿಯವರಿಗೆ ಅವರು ಕಳಿಸಿದ ಮೇಲ್‌ನಲ್ಲಿ ನಾಲ್ಕೇ ಪ್ರಶ್ನೆ ಇತ್ತು. ನಿಮ್ಮ ಕಡೆ ಅರ್ಜಿ ಯಾರು ಹಾಕುತ್ತಾರೆ, ಯಾವ ದಿನದೊಳಗೆ? ನಮ್ಮ ವಿದ್ಯಾರ್ಥಿನಿ ಬಂದರೆ ಗ್ಲೋವ್ ಬಾಕ್ಸ್ ಬಳಸಲು ಎಷ್ಟು ದಿನದ ತರಬೇತಿ ಬೇಕು? ಅವಳು ಅಳೆದ ಡೇಟಾದ ಪೇಪರ್‌ನಲ್ಲಿ ಮೊದಲ ಹೆಸರು ಅವಳದೇ ಇರಬಹುದಾ? ನಿಮ್ಮ ಕಡೆಯ ವಿದ್ಯಾರ್ಥಿ ಯಾವ ತಿಂಗಳು ಇಲ್ಲಿಗೆ ಬಂದು ಪುಡಿ ಮಾಡುವುದನ್ನು ಕಲಿಯುತ್ತಾರೆ?

ಎರಡನೇ ದಿನವೇ ಉತ್ತರ ಬಂತು. ನಾಲ್ಕನೇ ಪ್ರಶ್ನೆಗೆ ಮೊದಲು ಉತ್ತರಿಸಿದ್ದರು: ಜನವರಿಯಲ್ಲಿ, ಆರು ವಾರಕ್ಕೆ, ಇಬ್ಬರು.